ಅರಸೀಕೆರೆಯಲ್ಲಿ ಸಮಪಾಲು ಯಂತ್ರ

“ಇದಕ್ಕೆ ನಿಲ್ಲಿಸೋ ಗುಂಡಿಯೇ ಇಲ್ವಲ್ಲೋ ಅಣ್ಣ!”

ವನಮಾಲಮ್ಮ ಯಂತ್ರಕ್ಕೆ ಮೂರು ಸುತ್ತು ಬಂದು, ಬಗ್ಗಿ ಅಡಿಯನ್ನೂ ನೋಡಿ, ಸೊಂಟ ಹಿಡಿದುಕೊಂಡು ಎದ್ದರು.

“ಯಾಕಿರ್ಬೇಕು? ಕೆಲಸ ಮುಗಿದ ಮೇಲೆ ತಾನೇ ನಿಲ್ಲುತ್ತೆ” ಎಂದರು ಪದ್ಮನಾಭಯ್ಯ. “ಸುಮ್ನೆ ನಿಂತು ನೋಡು. ಇವತ್ತು ಅರಸೀಕೆರೆ ಜನ ಬಾಯಿ ಬಿಟ್ಕೊಂಡು ನಿಲ್ತಾರೆ!”

ಪದ್ಮನಾಭಯ್ಯ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಹುಡುಗರಿಗೆ ಅರ ಹಿಡಿಯುವುದನ್ನು ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮರುವಾರವೇ ಒಂದು ಹಳೇ ಮಿನಿಬಸ್ಸು ಕೊಂಡರು. ಸೀಟುಗಳನ್ನೆಲ್ಲ ಕಿತ್ತುಹಾಕಿ ಒಳಗೆ ಗಣಿತ ತುಂಬಿದರು. ಉಬ್ಬುತಗ್ಗಿನ ಹಲಗೆಯ ಮೇಲೆ ಒಂಚೂರೂ ಕುಲುಕದೆ ಓಡುವ ಚೌಕಚಕ್ರದ ಸೈಕಲ್ಲು, ತಿರುಚಿ ಅಂಟಿಸಿದ್ದರಿಂದ ಒಂದೇ ಮಗ್ಗುಲಿರುವ ರಬ್ಬರ್ ಪಟ್ಟಿ, ಸೋಪಿನ ನೀರಿನಲ್ಲಿ ಅದ್ದಿದರೆ ವಿಚಿತ್ರ ಆಕಾರದ ಪೊರೆ ಕಟ್ಟುವ ತಂತಿಯ ಗೂಡುಗಳು, ಹೀಗೆ ನಲವತ್ತು ಸಾಮಾನು. ಬಸ್ಸಿನ ನೆತ್ತಿಯ ಮೇಲೆ ಹಳದಿ ಬೋರ್ಡು: ‘ಪದ್ಮನಾಭಯ್ಯನವರ ಸಂಚಾರಿ ಗಣಿತ ಪ್ರದರ್ಶನ. ಮುಟ್ಟಿ ನೋಡಿ!’

ಬಸ್ಸು ಓಡಿಸುತ್ತಿದ್ದದ್ದು ಅವರ ತಂಗಿ ವನಮಾಲಮ್ಮ. ಐವತ್ತನೇ ವಯಸ್ಸಿಗೆ ಹೆವಿ ಲೈಸೆನ್ಸ್ ಮಾಡಿಸಿಕೊಂಡು, ಆರು ವರ್ಷದಿಂದ ಊರೂರಿಗೆ ಅಣ್ಣನನ್ನೂ ಗಣಿತವನ್ನೂ ಹೊತ್ತು ತಿರುಗುತ್ತಿದ್ದರು. ಕಸ ಗುಡಿಸುವುದು, ಸೋಪಿನ ನೀರು ಕಲಸುವುದು, ಬಂದ ಜನಕ್ಕೆ ವಿವರಿಸುವುದು, ಎಲ್ಲವೂ ಅವರದೇ. ಅಣ್ಣ ಕಂಡುಹಿಡಿಯುತ್ತಿದ್ದರು.

ಈ ಸಲ ಕಂಡುಹಿಡಿದದ್ದು ಸಮಪಾಲು ಯಂತ್ರ. ಮಂಚದಷ್ಟು ದೊಡ್ಡ ಮೇಜು, ಅದರ ನಡುವೆ ಬೇಕಾದಷ್ಟು ಉದ್ದಕ್ಕೆ ಚಾಚುವ ಎರಡು ಉಕ್ಕಿನ ಕೈ, ಒಂದರ ತುದಿಯಲ್ಲಿ ಚಿಮಟ, ಇನ್ನೊಂದರ ತುದಿಯಲ್ಲಿ ಮಡಚುವ ಗರಗಸ. ಎರಡು ಕಡೆಯೂ ತಂತಿ ಸುತ್ತಿದ ಒಂದೊಂದು ಟೊಪ್ಪಿಗೆ, ಟೊಪ್ಪಿಗೆಗೊಂದು ಮುಳ್ಳಿನ ಗಡಿಯಾರ.

“ಮಹನೀಯರೇ!” ರೈಲ್ವೆ ಕ್ವಾರ್ಟರ್ಸ್ ಪಕ್ಕದ ಮೈದಾನದಲ್ಲಿ ಪದ್ಮನಾಭಯ್ಯನವರ ಮೈಕು ಕಿರುಚಿತು. “ಪಾಲು ಮಾಡೋದು ಅಂದ್ರೆ ತೂಕ ಹಾಕೋದಲ್ಲ! ಅವನ ಪಾಲು ನನ್ನದಕ್ಕಿಂತ ಚೆನ್ನಾಗಿದೆ ಅಂತ ಯಾರಿಗೂ ಅನ್ನಿಸ್ಬಾರ್ದು. ಅದೇ ನಿಜವಾದ ಸಮಪಾಲು. ಈ ಟೊಪ್ಪಿಗೆ ಹಣೆ ನರದಿಂದ ಹೊಟ್ಟೆಕಿಚ್ಚು ಅಳೆಯುತ್ತೆ. ಎರಡು ಮುಳ್ಳೂ ಸೊನ್ನೆಗೆ ಬರೋವರೆಗೂ ಯಂತ್ರ ಬಿಡಲ್ಲ!”

“ಹೊಟ್ಟೆಕಿಚ್ಚು ಹಣೇಲಿರ್ತದಾ ಸ್ವಾಮಿ?” ಎಂದು ಕೇಳಿದಳು ಮುಂದಿನ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಕಡಲೆಕಾಯಿ ಲಕ್ಕಮ್ಮ.

“ಹುಟ್ಟೋದು ಹೊಟ್ಟೇಲಿ, ಕಾಣೋದು ಹಣೇಲಿ” ಎಂದರು ವನಮಾಲಮ್ಮ. ಜನ ನಕ್ಕರು. ಪದ್ಮನಾಭಯ್ಯ ತಂಗಿಯನ್ನು ಒಮ್ಮೆ ದುರುಗುಟ್ಟಿಕೊಂಡು ನೋಡಿ, ಹೈಸ್ಕೂಲಿನ ಹೆಡ್ ಮೇಡಂ ಸುಲೋಚನಾ ಮತ್ತು ಅವರ ಗಂಡ ಚಿದಾನಂದರನ್ನು ಮುಂದಕ್ಕೆ ಕರೆದು ಟೊಪ್ಪಿಗೆ ತೊಡಿಸಿದರು. ಮೇಜಿನ ಮೇಲೆ ತಟ್ಟೆಯಗಲದ ಒಂದು ದಿಲ್‌ಪಸಂದ್ ಇಟ್ಟರು.

ಯಂತ್ರ ಗುಂಯ್ ಎಂದಿತು. ಗರಗಸ ಬಿಚ್ಚಿಕೊಂಡಿತು. ಸರಿಯಾಗಿ ನಡುವೆ ಎರಡು ಹೋಳು ಮಾಡುತ್ತದೆಂದು ಎಲ್ಲರೂ ಕಾದರೆ, ಅದು ದಿಲ್‌ಪಸಂದನ್ನು ದುಂಡಗೆ ಕೊರೆದು, ಹೊರಗಿನ ಬಳೆಯಂಥ ಗರಿಗರಿ ಅಂಚನ್ನು ಚಿದಾನಂದರಿಗೂ ಒಳಗಿನ ತೆಂಗಿನಕಾಯಿ ಹೂರಣದ ತಿರುಳನ್ನು ಮೇಡಮ್ಮಿಗೂ ತಳ್ಳಿತು. ಎರಡು ಮುಳ್ಳೂ ಸೊನ್ನೆಗೆ ಇಳಿದವು. ಗಂಟೆ ಹೊಡೆಯಿತು. ಯಂತ್ರ ನಿಂತಿತು!

“ನಂಗೇ ಜಾಸ್ತಿ ಬಂತು!” ಎಂದರು ಮೇಡಂ.

“ಇಲ್ಲ ಕಣೇ, ನಂಗೆ ಜಾಸ್ತಿ ಬಂದಿರೋದು!” ಎಂದರು ಗಂಡ.

ಚಪ್ಪಾಳೆಯೋ ಚಪ್ಪಾಳೆ! ವನಮಾಲಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರ ತಲೆಯೊಳಗೆ ಏನೋ ಕಚಗುಳಿಯಿಟ್ಟಂತಾಯಿತು. ಇವರಿಗೂ ಅರ್ಧಕ್ಕಿಂತ ಹೆಚ್ಚು, ಅವರಿಗೂ ಅರ್ಧಕ್ಕಿಂತ ಹೆಚ್ಚು. ಇದ್ದದ್ದೇ ಒಂದು ದಿಲ್‌ಪಸಂದ್. ಹಾಗಾದರೆ ಆ ಹೆಚ್ಚಿನದು ಬಂದದ್ದೆಲ್ಲಿಂದ? ಇಬ್ಬರ ಆಸೆ ಬೇರೆ ಬೇರೆಯಾಗಿದ್ದರೆ, ಒಂದೇ ತಿಂಡಿ ಒಂದಕ್ಕಿಂತ ಹೆಚ್ಚಾಗಿಬಿಡುತ್ತದೆಯೇ?

“ಅಣ್ಣಾ, ಇಬ್ರಿಗೂ ಒಂದೇ ಭಾಗ ಬೇಕು ಅಂದ್ರೆ ಏನು ಮಾಡುತ್ತೆ?”

“ಗಣಿತದಲ್ಲಿ ಅದಕ್ಕೂ ಉತ್ತರ ಇದೆ!” ಎನ್ನುತ್ತಾ ಪದ್ಮನಾಭಯ್ಯ ಅದೇ ದಂಪತಿಯ ಮುಂದೆ ಒಂದು ಬಾಳೆಹಣ್ಣು ಇಟ್ಟರು. ಇಬ್ಬರಿಗೂ ಬಾಳೆಹಣ್ಣೆಂದರೆ ಪ್ರಾಣ. ಯಂತ್ರ ಎರಡು ಹೋಳು ಮಾಡಿತು, ನಾಲ್ಕು ಮಾಡಿತು, ಮೂವತ್ತೆರಡು ಮಾಡಿತು. ಮುಳ್ಳುಗಳು ಸೊನ್ನೆ ಮುಟ್ಟುವ ಹೊತ್ತಿಗೆ ಮೇಜಿನ ಮೇಲೆ ಬರೀ ರಸಾಯನ ಉಳಿದಿತ್ತು.

“ಏಲಕ್ಕಿ ಹಾಕಿದ್ರೆ ಆಗಿತ್ತು” ಎಂದಳು ಲಕ್ಕಮ್ಮ.

ಮಧ್ಯಾಹ್ನ ಮೂರು ಗಂಟೆಗೆ ಮೈದಾನಕ್ಕೆ ಒಂದು ಟೆಂಪೊ ಬಂತು. ಇಳಿದವರು ಶ್ರೀ ಗುರುಶಾಂತ ಬ್ಯಾಂಡ್‌ಸೆಟ್ಟಿನ ಅಣ್ಣತಮ್ಮಂದಿರು, ಓಂಕಾರಪ್ಪ ಮತ್ತು ತಿಪ್ಪೇಶ. ಅಪ್ಪ ಕಟ್ಟಿದ ಬ್ಯಾಂಡು. ಅಪ್ಪ ಹೋದ ಮೇಲೆ ಪಾಲಾಗಬೇಕೆಂದು ಹಟ. ಮೂರು ಪಂಚಾಯಿತಿಯಾಗಿತ್ತು, ಒಂದೂ ಬಗೆಹರಿದಿರಲಿಲ್ಲ. ಆರು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಭಾನುವಾರ ಒಂದು ಮದುವೆಗೆ ಒಪ್ಪಿಕೊಂಡಿದ್ದರು. ಆದರೆ ಯಾವ ವಾದ್ಯ ಯಾರದು ಎಂದು ತೀರ್ಮಾನವಾಗದೆ ಒಂದನ್ನೂ ಮುಟ್ಟುವುದಿಲ್ಲವೆಂದು ಇಬ್ಬರೂ ಕೂತಿದ್ದರು.

“ಸಾರ್, ನಿಮ್ಮ ಮಿಷನ್ನು ಏನು ಹೇಳ್ತದೋ ಅದೇ ಕೊನೆ” ಎಂದ ಓಂಕಾರಪ್ಪ.

“ಅವ್ರಿಗೆ ಹೇಳಿ ಸಾರ್, ನಂಗೂ ಒಪ್ಗೆ ಅಂತ” ಎಂದ ತಿಪ್ಪೇಶ, ಎರಡಡಿ ದೂರದಲ್ಲಿದ್ದ ಅಣ್ಣನ ಕಡೆ ಬೆನ್ನು ಹಾಕಿ.

ವನಮಾಲಮ್ಮನಿಗೆ ಬಾಳೆಹಣ್ಣು ನೆನಪಾಯಿತು. “ಬೇಡ ಕಣೋ ಅಣ್ಣ, ಹಿತ್ತಾಳೆಯನ್ನ ರಸಾಯನ ಮಾಡಿದ್ರೆ ಯಾರು ತಿಂತಾರೆ?” ಎಂದರು. ಆದರೆ ಪದ್ಮನಾಭಯ್ಯ ಆಗಲೇ ಟೆಂಪೊದಲ್ಲಿದ್ದ ವಾದ್ಯಗಳನ್ನೆಲ್ಲ ಮೇಜಿಗೆ ಇಳಿಸಿ, ಇಬ್ಬರಿಗೂ ಟೊಪ್ಪಿಗೆ ತೊಡಿಸಿ ಆಗಿತ್ತು.

ಯಂತ್ರ ಮೊದಲು ಊದುವ ವಾದ್ಯಗಳನ್ನು ಅಣ್ಣನ ಕಡೆಗೂ ಬಡಿಯುವ ವಾದ್ಯಗಳನ್ನು ತಮ್ಮನ ಕಡೆಗೂ ಸರಿಸಿತು. ಎರಡು ಮುಳ್ಳೂ ಮೇಲೇರಿದವು. ಅದಲುಬದಲು ಮಾಡಿತು. ಮುಳ್ಳುಗಳು ಇನ್ನೂ ಮೇಲೇರಿದವು! ಮತ್ತೆ ಅದಲುಬದಲು, ಮತ್ತೆ. ಯಾವ ಕಡೆ ಏನಿಟ್ಟರೂ ಎದುರಿನ ರಾಶಿಯೇ ಚೆನ್ನಾಗಿ ಕಾಣುತ್ತಿತ್ತು.

“ಹೀಗಾಗೋ ಹಾಗೇ ಇಲ್ಲ!” ಪದ್ಮನಾಭಯ್ಯ ಬೆವರು ಒರೆಸಿಕೊಂಡರು.

“ತಡಿ, ಕೇಳೋಣ” ಎಂದು ವನಮಾಲಮ್ಮ ಓಂಕಾರಪ್ಪನ ಹತ್ತಿರ ಹೋದರು. “ನಿಜ ಹೇಳಪ್ಪ, ನಿಂಗೆ ಏನು ಬೇಕು?”

“ಅವನಿಗೇನು ಬೇಕೋ ಅದು.”

“ನಿಂಗೆ ಏನಪ್ಪಾ ಬೇಕು?”

“ಅವ್ರು ಏನು ಕೇಳ್ತಾರೋ ಅದು” ಎಂದ ತಿಪ್ಪೇಶ.

ಅಷ್ಟರಲ್ಲಿ ಯಂತ್ರದ ತಾಳ್ಮೆ ಮುಗಿದಿತ್ತು. ಗರಗಸ ಬಿಚ್ಚಿಕೊಂಡು ದೊಡ್ಡ ಕಹಳೆಯನ್ನು ಕರಕರನೆ ಎರಡು ತುಂಡು ಮಾಡಿತು. “ಅಯ್ಯೋ, ಅಪ್ಪಂದು!” ಎಂದು ಇಬ್ಬರೂ ಒಟ್ಟಿಗೆ ಚೀರಿದರು. ಊದುವ ತುದಿಯಿದ್ದ ಅರ್ಧ ಉರುಳಿ, ಮೇಜಿನಿಂದ ಬಿದ್ದು, ಚಿದಾನಂದರ ಕಾಲ ಬುಡಕ್ಕೆ ಹೋಯಿತು. ಅವರು ಅದನ್ನು ಎತ್ತಿಕೊಂಡರು.

ಆಗ ಎರಡು ಮುಳ್ಳೂ ಚೂರು ಕೆಳಗಿಳಿದವು.

ಯಂತ್ರ ಅದನ್ನು ಗಮನಿಸಿತು. ಆಮೇಲೆ ಚಿಮಟದಿಂದ ತಾಳ ಎತ್ತಿ ಹೆಡ್ ಮೇಡಮ್ಮಿನ ಕೈಗೆ ಕೊಟ್ಟಿತು. ಮುಳ್ಳುಗಳು ಇನ್ನಷ್ಟು ಇಳಿದವು!

“ಅಣ್ಣಾ!” ವನಮಾಲಮ್ಮನ ಕಣ್ಣು ಅರಳಿತು. “ಅದಕ್ಕೆ ಉತ್ತರ ಸಿಕ್ಕಿಬಿಡ್ತು ಕಣೋ! ಇಬ್ರಿಗೂ ಏನೂ ಕೊಡದೆ ಇದ್ರೆ ಹೊಟ್ಟೆಕಿಚ್ಚು ಸೊನ್ನೆ!”

“ಲೆಕ್ಕಾಚಾರ ಸರಿಯಾಗೇ ಇದೆ” ಎಂದು ಪದ್ಮನಾಭಯ್ಯ ಅಳುವ ದನಿಯಲ್ಲಿ ಒಪ್ಪಿಕೊಂಡರು.

ಕ್ಲಾರಿಯೊನೆಟ್ಟು ಹಾರಿತು, ಡ್ರಮ್ಮು ಹಾರಿತು, ತುತ್ತೂರಿ ಹಾರಿತು. ಸಿಕ್ಕಿದವರು ಸುಮ್ಮನಿರುತ್ತಾರೆಯೇ? ಊದಿದರು, ಬಡಿದರು. ಅಂಥ ಸದ್ದನ್ನು ಅರಸೀಕೆರೆ ಜಂಕ್ಷನ್ನು ಕೂಡ ಕೇಳಿರಲಿಲ್ಲ!

“ಅಣ್ಣಾ, ನೋಡೋ, ಡ್ರಮ್ಮನ್ನ ತಲೆಕೆಳಗು ಮಾಡಿ ಹೊಡೀತಾವ್ರೆ!” ತಿಪ್ಪೇಶ ಕಿರುಚಿದ.

“ಕ್ಲಾರಿಯೊನೆಟ್ ಕಚ್ತಾವ್ನಲ್ಲೋ ಅವ್ನು! ಬಾರೋ ತಿಪ್ಪಾ!” ಓಂಕಾರಪ್ಪ ಟೊಪ್ಪಿಗೆ ಕಿತ್ತೆಸೆದ, ತಿಪ್ಪೇಶನೂ ಕಿತ್ತೆಸೆದ. ಆರು ತಿಂಗಳ ಮೇಲೆ ಆಡಿದ ಮೊದಲ ಮಾತು ಅದೆಂದು ಇಬ್ಬರಿಗೂ ಹೊಳೆಯಲೇ ಇಲ್ಲ. ಒಟ್ಟಿಗೆ ಜನರ ನಡುವೆ ನುಗ್ಗಿದರು.

ಖಾಲಿ ಟೊಪ್ಪಿಗೆಗಳ ಮುಳ್ಳು ಮಾತ್ರ ಕೊನೆಯ ಅಳತೆಗೇ ಅಂಟಿಕೊಂಡಿತ್ತು. ಯಂತ್ರ ಈಗ ಟೆಂಪೊದ ಟೈರಿನತ್ತ ಕೈ ಚಾಚಿತು.

“ಬೇರೆ ಯಾರಾದ್ರೂ ಹಾಕ್ಕೋಬೇಕು!” ಎಂದರು ಪದ್ಮನಾಭಯ್ಯ. “ಹೊಟ್ಟೆಕಿಚ್ಚೇ ಇಲ್ಲದ ಇಬ್ಬರು. ಸೊನ್ನೆ ತೋರಿಸುತ್ತೆ, ನಿಂತುಬಿಡುತ್ತೆ. ನಾವೇ ಇದ್ದೀವಲ್ಲ ಮಾಲೂ! ನಿಂಗೂ ನಂಗೂ ಮಧ್ಯೆ ಏನಿದೆ?”

ಅಣ್ಣತಂಗಿ ಟೊಪ್ಪಿಗೆ ಹಾಕಿಕೊಂಡರು.

ಎರಡು ಮುಳ್ಳೂ ಟಣ್ ಎಂದು ಕೆಂಪು ಗೆರೆ ದಾಟಿ, ಗಡಿಯಾರದ ಕೊನೆಯ ಕಡ್ಡಿಗೆ ಬಡಿದು ನಿಂತವು!

“ಇದೇನೇ ಇದು!” ಪದ್ಮನಾಭಯ್ಯ ತಂಗಿಯ ಮುಳ್ಳನ್ನು ನೋಡಿ ಬೆಚ್ಚಿದರು.

“ಆರು ವರ್ಷ ಬಸ್ಸು ಓಡಿಸಿದ್ದೀನಿ. ಬೋರ್ಡಲ್ಲಿ ಯಾರ ಹೆಸರಿದೆ?” ವನಮಾಲಮ್ಮನಿಗೆ ತಮ್ಮ ದನಿ ತಮಗೇ ಹೊಸದೆನಿಸಿತು. “ಸರಿ, ನನ್ನದು ಬಿಡು. ನಿನ್ನ ಮುಳ್ಳು ಯಾಕೆ ಮೇಲಿದೆ?”

ಪದ್ಮನಾಭಯ್ಯ ನೆಲ ನೋಡಿದರು. “ಮಾಡೋನು ನಾನು. ಬಂದೋರೆಲ್ಲ ‘ಅಕ್ಕ ಎಲ್ಲಿ, ಅಕ್ಕ ಹೇಳ್ಲಿ’ ಅಂತಾರೆ. ನಾನು ಹೇಳಿದ್ರೆ ಆಕಳಿಸ್ತಾರೆ.”

ವನಮಾಲಮ್ಮ ಅಣ್ಣನನ್ನು ಮೊದಲ ಸಲ ಕಂಡವರಂತೆ ನೋಡಿದರು. ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತಿದ್ದವನ ಹಣೆಯೊಳಗೆ ಇದಿತ್ತೇ! ಕೇಳಬೇಕಾದದ್ದು ಬಹಳವಿತ್ತು. ಆದರೆ ಯಂತ್ರ ಕಾಯಲಿಲ್ಲ. ಈ ಇಬ್ಬರ ನಡುವೆ ಇರುವ ಆಸ್ತಿ ಯಾವುದೆಂದು ಅದಕ್ಕೆ ತಿಳಿದುಹೋಗಿತ್ತು. ಉಕ್ಕಿನ ಕೈಗಳು ಉದ್ದವಾಗಿ ಬಸ್ಸಿನ ಬಾಗಿಲೊಳಗೆ ನುಗ್ಗಿದವು.

ಚೌಕಚಕ್ರದ ಸೈಕಲ್ಲು ಹಲಗೆಯ ಸಮೇತ ಚಿದಾನಂದರಿಗೆ ಹೋಯಿತು. ಒಂದೇ ಮಗ್ಗುಲಿನ ಪಟ್ಟಿ ಬಳೆ ಅಂಗಡಿಯವನಿಗೆ, ತಂತಿಯ ಗೂಡುಗಳು ಸೋಪಿನ ನೀರಿನ ಬಕೀಟಿನೊಂದಿಗೆ ಕಾಲೇಜು ಹುಡುಗಿಯರಿಗೆ. ಯಾರನ್ನೂ ಬಿಡದೆ, ಯಾರಿಗೂ ಎರಡು ಕೊಡದೆ, ಯಂತ್ರ ಹಂಚುತ್ತಾ ಹೋಯಿತು. ಹಳದಿ ಬೋರ್ಡು ಕಳಚಿ ಹೆಡ್ ಮೇಡಮ್ಮಿನ ಕೈ ಸೇರಿದಾಗ ವನಮಾಲಮ್ಮನ ಮುಳ್ಳು ಸರ್ರನೆ ಅರ್ಧಕ್ಕಿಳಿಯಿತು. ಮೈಕು ಹೋದಾಗ ಪದ್ಮನಾಭಯ್ಯನವರದು ಇಳಿಯಿತು. ಕಟ್ಟಕಡೆಗೆ ಚಿಮಟ ಚಾಲಕರ ಸೀಟಿನ ಕಡೆ ತಿರುಗಿ, ಸ್ಟೇರಿಂಗನ್ನು ಬಿಚ್ಚಿ, ಲಕ್ಕಮ್ಮನ ಬುಟ್ಟಿಯ ಮೇಲೆ ಮೆಲ್ಲಗೆ ಇಟ್ಟಿತು.

ಎರಡು ಮುಳ್ಳೂ ಸೊನ್ನೆ. ಗಂಟೆ ಹೊಡೆಯಿತು. ಯಂತ್ರ ನಿಂತಿತು.

ಜನ ಮನೆಗೆ ಹೊರಟರು. ತಮಗೆ ಬಂದದ್ದನ್ನು ವಾಪಸು ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬೋರ್ಡಿನಲ್ಲೇ ಮುಟ್ಟಿ ನೋಡಿ ಎಂದಿತ್ತಲ್ಲ! ಮರುದಿನ ಬೆಳಿಗ್ಗೆಯಿಂದ ಅಣ್ಣತಂಗಿ ಮನೆಮನೆ ಸುತ್ತಿದರು. ಹೋದಲ್ಲೆಲ್ಲ ಒಂದೇ ಮಾತು. “ಕೊಡ್ತೀವಿ ಅಕ್ಕ, ಇದು ಹೀಗ್ಯಾಕೆ ಅಂತ ಮೊದ್ಲು ಹೇಳಿ.” ಕೂತು ಹೇಳಬೇಕಾಗುತ್ತಿತ್ತು. ಹೇಳಿ ಮುಗಿಸುವ ಹೊತ್ತಿಗೆ ಪಕ್ಕದ ಮನೆಯವರೂ ಸೇರುತ್ತಿದ್ದರು, ಸಾಮಾನು ಮಾತ್ರ ಅಲ್ಲೇ ಉಳಿಯುತ್ತಿತ್ತು. ಬಳೆ ಅಂಗಡಿಯಲ್ಲಿ ವನಮಾಲಮ್ಮ ಬೇಕೆಂದೇ ಬಾಯಿ ಮುಚ್ಚಿಕೊಂಡರು. ಪದ್ಮನಾಭಯ್ಯ ತಡವರಿಸುತ್ತಾ ಪಟ್ಟಿಯ ಗುಟ್ಟು ಬಿಡಿಸಿದರು. ಯಾರೂ ಆಕಳಿಸಲಿಲ್ಲ.

ಭಾನುವಾರದ ಮದುವೆಯಲ್ಲಿ ಗುರುಶಾಂತ ಬ್ಯಾಂಡು ನುಡಿಯಿತು. ವಾದ್ಯ ಸಿಕ್ಕಿದವರು ಅದನ್ನು ಬಿಟ್ಟುಕೊಡದೆ ತಾವೂ ಬಂದಿದ್ದರಿಂದ ಅಣ್ಣತಮ್ಮಂದಿರು ಎಲ್ಲರಿಗೂ ಬೈದು ಬೈದು ಕಲಿಸಿದ್ದರು. ಚಿದಾನಂದರು ಅರ್ಧ ಕಹಳೆ ಊದಿದರು. ಕೊಳವೆ ಅರ್ಧವಾದರೆ ಸ್ವರ ಸತ್ತುಹೋಗುವುದಿಲ್ಲ, ಅದೇ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂಬುದನ್ನು ವನಮಾಲಮ್ಮ ಊಟದ ಎಲೆಯ ಮುಂದೆ ಕೂತು ಕಂಡುಕೊಂಡರು. ಆ ಸಂತೋಷದಲ್ಲಿ ಎಲೆಯ ಮೇಲಿನ ಹೋಳಿಗೆ ತಣ್ಣಗಾಯಿತು.

ಪ್ರತಿ ಊರಿನ ಪ್ರದರ್ಶನ ಮುಗಿದ ಮೇಲೆ ಅವರು ಒಂದು ವರದಿ ಪುಸ್ತಕ ತುಂಬುವುದಿತ್ತು. ಅರಸೀಕೆರೆಯ ಪುಟ ತೆಗೆದು, ‘ನೋಡಿದವರು’ ಎಂಬಲ್ಲಿ ‘ಊರೆಲ್ಲ’ ಎಂದು ಬರೆದರು. ಕೆಳಗೆ ‘ಬಸ್ಸಿನಲ್ಲಿ ಉಳಿದಿರುವ ಪ್ರದರ್ಶನ ವಸ್ತುಗಳು’ ಎಂದಿತ್ತು. ಸ್ವಲ್ಪ ಯೋಚಿಸಿ ಬರೆದರು:

‘ಎರಡು. ನಾನು ಮತ್ತು ಅಣ್ಣ.’