ಬೇಗ ಬಂದ ಉತ್ತರ

ಆಗ ನನಗೆ ಎಪ್ಪತ್ತೊಂದು. ಈ ಮಾತಿಗೆ ಈಗ ಎರಡು ವರ್ಷವಾಯಿತು. ಕರೆದಾಗ ತಡವಾಗಿ ಓಗೊಡುವವರು ದೂರವೇ ಇರಬೇಕೆಂದಿಲ್ಲ. ನಾನು ಸೊಸೆಯಾಗಿದ್ದಾಗ ಬಾಗಿಲ ಹಿಂದೆಯೇ ನಿಂತು, ಅತ್ತೆಯ ಗಂಟಲು ಒಣಗಿದ ಮೇಲೆ ಓ ಎನ್ನುತ್ತಿದ್ದೆ. ಆದರೆ ಕರೆದ ಕೂಡಲೇ ಓ ಎಂದವರು ಹತ್ತಿರವೇ ಇರುತ್ತಾರೆ. ಇಷ್ಟನ್ನು ಕಲಿಯಲು ಕಂಪ್ಯೂಟರಿನವರು ಕಾಲೇಜಿಗೆ ಹೋಗುತ್ತಾರೆ.

ನನ್ನ ಅಳಿಯ ದುಬೈಯಲ್ಲಿ ನೌಕರಿಯಲ್ಲಿದ್ದ. ಮಗಳು ಶೋಭಾ, ಕಂಪ್ಯೂಟರ್ ಕಾಲೇಜಿಗೆ ಹೋಗುವ ಮೊಮ್ಮಗಳು ಪಲ್ಲವಿ ಸೊಲ್ಲಾಪುರದಲ್ಲಿ ನನ್ನ ಜೊತೆಗಿದ್ದರು. ಸಂಜೆ ಅಪ್ಪ ಮಗಳು ಕಂಪ್ಯೂಟರಿನಲ್ಲಿ ಕೇರಂ ಆಡುತ್ತಿದ್ದರು. ಆಟ ನಡೆದೇ ಇತ್ತು, ಮುಖ ತೋರಿಸುವುದನ್ನು ಮಾತ್ರ ಅವನು ಬಿಟ್ಟಿದ್ದ. ಕೇಳಿದರೆ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದ. ಶೋಭಾ ಒಣಗಿ ಕಡ್ಡಿಯಾದಳು. ಅವನು ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆಂದು ಓಣಿಯ ಹೆಂಗಸರು ತೀರ್ಮಾನಿಸಿದರು. ಅವರಿಗಿಂತ ಮೊದಲೇ ನಾನು ತೀರ್ಮಾನಿಸಿದ್ದೆ.

ಒಂದು ಸಂಜೆ ಪಲ್ಲವಿ ತನ್ನ ಕಂಪ್ಯೂಟರಿನಿಂದ ಅವನದಕ್ಕೆ ಒಂದು ಸಣ್ಣ ಸಂದೇಶ ಕಳಿಸಿ, ಆ ಕಂಪ್ಯೂಟರು ತಾನಾಗಿಯೇ ಕೊಡುವ ಉತ್ತರ ತಿರುಗಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿದಳು. ಮುಂಬೈ, ಹೈದರಾಬಾದಿನ ಇಬ್ಬರು ಗೆಳತಿಯರಿಂದಲೂ ಅವನದಕ್ಕೆ ಹಾಗೇ ಮಾಡಿಸಿದಳು.

"ಅಜ್ಜಿ, ದುಬೈಗೆ ಹೋಗಿ ಬರಾಕ ಇಷ್ಟು ಲಗೂ ಆಗೂದಿಲ್ಲ. ಹಾದಿ ಕೆಟ್ಟಿದ್ರ ತಡಾ ಆಗತದ, ಲಗೂ ಹೆಂಗಾಗತದ? ಅವರಿಬ್ಬರಕಿಂತ ನನಗ ಮದಲ ಉತ್ತರಾ ಬಂತು. ಅಪ್ಪಾ ಇಲ್ಲೇ ಆಸುಪಾಸ ಅದಾನ."

"ಯಾವ ಊರಾಗ?"

"ಅಷ್ಟು ಬರೋಬರ್ ತಿಳಿಯೂದಿಲ್ಲ."

ಉಳಿದದ್ದು ನನಗೆ ತಿಳಿಯಿತು. ಅವನಿಗೆ ಒಲೆ ಹಚ್ಚಲೂ ಬರುವುದಿಲ್ಲ, ಹೋಟೆಲಿಗೆ ದುಡ್ಡು ಬಿಚ್ಚುವವನೂ ಅಲ್ಲ. ಒಬ್ಬನೇ ಇದ್ದರೆ ನಮ್ಮೂರ ಹತ್ತಿರ ಪುಕ್ಕಟೆ ಊಟ ಸಿಗುವ ಅಕ್ಕಲಕೋಟದ ಅನ್ನಛತ್ರದಲ್ಲೇ ಸಿಗಬೇಕು. ಅಲ್ಲಿ ಸಿಗದಿದ್ದರೆ ಬೇರೆ ಯಾರೋ ಬೇಯಿಸಿ ಹಾಕುತ್ತಿದ್ದಾಳೆ, ನನ್ನ ಮಗಳ ಸಂಸಾರ ಮುಗಿಯಿತು.

"ಅವ್ವಗ ಹೇಳ್ಲೇನು?"

"ಬಾಯಿ ಮುಚಗೊಂಡಿರು. ಮದಲ ನಾ ನೋಡಿ ಬರ್ತೀನಿ."

ಮರುದಿನ ಮುಂಜಾನೆ ಬಸ್ಸು ಹತ್ತಿದೆ. ನಡುದಾರಿಯ ವಳಸಂಗ ದಾಟುವವರೆಗೂ ಬೈಗುಳ ಜೋಡಿಸಿಕೊಂಡೆ. ಛತ್ರದ ಬಾಗಿಲು ಇನ್ನೂ ತೆರೆದಿರಲಿಲ್ಲ. ಸಾಲಿನ ಕೊನೆಗೆ ಅಳಿಯ ನಿಂತಿದ್ದ, ಗಡ್ಡ ಬಿಟ್ಟು, ಕೊರಳೆಲುಬು ಎದ್ದು. ಬಗಲಲ್ಲಿ ಕಂಪ್ಯೂಟರಿನ ಚೀಲ.

"ದುಬೈ ಭಾಳ ಸಮೀಪ ಬಂತಲ್ರಿ," ಅಂದೆ.

ಅವನು ನೆಲ ನೋಡಿದ. "ನೌಕರಿ ಹೋತ್ರಿ ಅತ್ತಿ. ಬಂದು ಆರು ತಿಂಗಳಾತು. ಮನಿಗೆ ಯಾವ ಮಾರಿ ತಗೊಂಡ ಬರ್ಲಿ?"

"ಇದ್ದ ಮಾರಿ ತಗೊಂಡ ಬರ್ರಿ. ಶೋಭಾ ಏನ್ ಹೊಸಾದು ಕೇಳ್ಯಾಳೇನು?"

ಕೈ ಹಿಡಿದು ಎಳೆದೆ. ಅವನು ಕದಲಲಿಲ್ಲ. ನಿನ್ನೆ ಬಾಗಿಲು ಮುಚ್ಚಿದ ಮೇಲೆ ಬಂದಿದ್ದೆ, ಊಟ ಸಿಕ್ಕಿಲ್ಲ ಎಂದ. ಜೋಡಿಸಿಕೊಂಡ ಬೈಗುಳ ಒಂದೂ ಉಪಯೋಗಕ್ಕೆ ಬರಲಿಲ್ಲ. ನಾನೂ ಚಹಾ ಕುಡಿಯದೆ ಹೊರಟವಳು; ಸೆರಗು ತಲೆಗೆ ಎಳೆದುಕೊಂಡು ಅವನ ಹಿಂದೆ ಸಾಲಿಗೆ ನಿಂತೆ.