ಚಾಚಾನ ಗಿರಣಿ, ಸರಕಾರದ ಜಾಳಿಗಿ

ಮಷೀನು ತಾನಾಗೇ ಯಾರನ್ನೂ ನಗಸೂದಿಲ್ಲ. ಅದರ ಬಾಜೂಕ ಒಂದು ಕಾಯಿದಿ ತಂದು ನಿಲ್ಲಿಸ್ರಿ, ಆಮ್ಯಾಲೆ ನೋಡ್ರಿ ಮಜಾ. ಹಾವೇರಿ ಇನ್ನೂ ಜಿಲ್ಲಾ ಆಗಿರದ ಕಾಲದಾಗ ನಾನು ಅಲ್ಲೊಂದು ಬಾಡಿಗಿ ಖೋಲಿ ಹಿಡದು, ಕಾರ್ಖಾನಿ ಇನ್‌ಸ್ಪೆಕ್ಟರ್ ಅಂತ ರಾಣೆಬೆನ್ನೂರು, ಬ್ಯಾಡಗಿ ತಿರಗತಿದ್ದೆ. ಸಿಟ್ಟಿಗೆದ್ದು ಹೋದಲ್ಲೆಲ್ಲಾ ನಕ್ಕೋಂತ ವಾಪಸ್ ಬಂದೇನಿ.

೧. ಯಂತ್ರ ಅಂದ್ರ ಯಾವುದು?

ಬ್ಯಾಡಗಿಯೊಳಗ ಒಂದು ಖಾರದ ಗಿರಣಿ. ಅದರ ಮಾಲೀಕರಿಗೆ ಊರೆಲ್ಲಾ ಚಾಚಾ ಅಂತಿತ್ತು, ನಾನೂ ಹಂಗ ಅಂದೆ. ಸುಗ್ಗ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಸಾಲಾಗಿ ಹೆಣ್ಮಕ್ಕಳು ಕುಂದರತಿದ್ರು, ಹಂಗಾಗಿ ಅದು ನಮ್ಮ ಲೆಕ್ಕದಾಗ ಕಾರ್ಖಾನಿ. ಗಿರಣಿ ನಡಸಾಂವ ಒಬ್ಬ ಪೈಲ್ವಾನ. ವಯಸ್ಸಿದ್ದಾಗ ಕುಸ್ತಿ ಹಿಡದು, ಆಮ್ಯಾಲೆ ಇಲ್ಲಿ ಪಟ್ಟಾ ಹಿಡದಾಂವ. ಎಂಜಿನ್ನಿನಿಂದ ಗಿರಣಿಗೆ ಹೋಗೋ ಉದ್ದನ್ನ ಚರ್ಮದ ಪಟ್ಟಾ ಬರ್ರ್ ಅಂತ ಓಡತಿತ್ತು, ಅದರ ಬಾಜೂಕ ಇವನ ಧೋತರದ ಚುಂಗು ಪಟಪಟ ಹಾರತಿತ್ತು. ಹಿಂದ ಬ್ಯಾರೆ ಊರಾಗ ಇಂಥಾದ್ದ ಪಟ್ಟಾದಾಗ ಒಬ್ಬನ ಕೈ ಹೋಗಿದ್ದನ್ನ ಕಣ್ಣಾರೆ ನೋಡಿದ್ದೆ. ಈ ಪೈಲ್ವಾನನ ಕೈನೂ ಉಳೀಬೇಕು, ಕೆಲಸಾನೂ ಉಳೀಬೇಕು ಅಂತ ಅವತ್ತ ಹಟ ಹಿಡದೆ.

"ಚಾಚಾ, ಓಡೋ ಯಂತ್ರಕ್ಕ ಕೈ ತಾಗದಂಗ ಕಬ್ಬಿಣದ ಜಾಳಿಗಿ ಹಾಕಬೇಕ್ರಿ. ಕಾಯಿದಿ ಐತಿ."

"ಯಂತ್ರ ಆ ಮೂಲ್ಯಾಗ ಐತ್ರಿ ಸಾಹೇಬ್ರ. ಇದು ಬರೇ ಪಟ್ಟಾ. ಎಮ್ಮಿ ಚರ್ಮ."

"ಹಂಗಲ್ರಿ. ಶಕ್ತಿ ಹುಟ್ಟಸೂದು, ಅದನ್ನ ಸಾಗಸೂದು, ಬಳಸೂದು ಎಲ್ಲಾ ಯಂತ್ರನ ಅಂತ ಕಾಯಿದ್ಯಾಗ ಬರದಾರ."

ಚಾಚಾ ಗಡ್ಡ ಕೆರಕೊಂಡ್ರು. "ನಮ್ಮ ಮನ್ಯಾಗ ಶಕ್ತಿ ಹುಟ್ಟಸಾಕಿ ನಿಮ್ಮ ಚಾಚಿ. ಆಕಿ ಒದರಿದ್ರ ನಾ ಏಳತೇನಿ, ನಾ ಒದರಿದ್ರ ಪೈಲ್ವಾನ ಏಳತಾನ. ಹಂಗಾದ್ರ ಆಕೀಗೂ ಜಾಳಿಗಿ ಹಾಕಬೇಕೇನ್ರಿ?"

"ಇಲ್ಲ ಚಾಚಾ. ಮನಷ್ಯಾರ ಬಲ, ದನದ ಬಲ ಕಾಯಿದಿ ಲೆಕ್ಕಕ್ಕ ಹಿಡಿಯೂದಿಲ್ಲ."

ಗಿರಣಿ ಹಿಂದನ ಅವರ ಮನಿ. ಒಳಗಿಂದ ಚಾಚಿ ದನಿ ಬಂತು: "ಯಾ ಅಲ್ಲಾ! ಮನಷ್ಯಾರ ಬಲ ಲೆಕ್ಕಕ್ಕ ಇಲ್ಲೇನು? ಹಂಗಾದ್ರ ನಾಳಿಂದ ರೊಟ್ಟೀನೂ ನಿಮ್ಮ ಕಾಯಿದೀನ ಬಡೀಲಿ!"

೨. ಸೈಕಲ್ ಮ್ಯಾಲಿನ ಜಾಳಿಗಿ

ಜಾಳಿಗಿ ಹಾಕಸ್ತೇನಿ ಅಂತ ಚಾಚಾ ಮಾತು ಕೊಟ್ರು, ನಾನೂ ನಂಬಿದೆ. ರಾಣೆಬೆನ್ನೂರಿಗೆ ಹೋದ ಮ್ಯಾಲೆ ಆ ನಂಬಿಕಿ ಹಾರಿಹೋತು.

ಅಲ್ಲಿ ಒಂದ ಓಣ್ಯಾಗ ಮೂರು ಹಿಟ್ಟಿನ ಗಿರಣಿ. ಬರತೇನಿ ಅಂತ ಮೊದಲ ಹೇಳಿ ಕಳಿಸಿದ್ದೆ. ಮೊದಲನೇ ಗಿರಣ್ಯಾಗ ಪಟ್ಟಾಕ್ಕ ಚಂದ ಜಾಳಿಗಿ, ಅದರ ಬಲಗಡೆ ಪೆಟ್ಟು ಬಿದ್ದು ಆದ ಒಂದು ತೆಗ್ಗು, ತೆಗ್ಗಿನ ಮ್ಯಾಲೆ ಕುಂಕುಮ. ಭೇಷ್ ಅಂದೆ. ಎರಡನೇ ಗಿರಣ್ಯಾಗೂ ಜಾಳಿಗಿ, ಬಲಗಡೆ ತೆಗ್ಗು, ತೆಗ್ಗಿನ ಮ್ಯಾಲೆ ಕುಂಕುಮ. ಒಂದ ಅಂಗಡ್ಯಾಗ ಮಾಡಿಸಿರಬೇಕು ಅಂದುಕೊಂಡೆ. ನನ್ನ ಶಾಣ್ಯಾತನ ನೋಡ್ರಿ!

ಮೂರನೇ ಗಿರಣಿ ಮಾಲೀಕ ನನ್ನ ಬಾಗಲದಾಗ ತಡದ. "ಕುಂದ್ರಿ ಸರ, ಚಾ ತಗೋರಿ." ಚಾ ಆತು. "ಮಿರ್ಚಿ ಬಜಿ ತರಸೇನ್ರಿ." ಬಜಿ ಆತು. "ಇನ್ನೊಂದು ಚಾ?" ಅಂವ ಬಾಯಿಂದ ನನ್ನ ಉಪಚಾರ ಮಾಡಾಕತ್ತಿದ್ದ, ಕಣ್ಣು ಮಾತ್ರ ಓಣಿ ತುದೀಗೆ.

"ಯಾರ ಹಾದಿ ಕಾಯಾಕತ್ತೀರಿ?" ಅಂದೆ.

ಅಷ್ಟರಾಗ ಎರಡನೇ ಗಿರಣಿ ಮಾಲೀಕ ಸೈಕಲ್ ಮ್ಯಾಲೆ ಏದುಸಿರು ಬಿಡಕೋಂತ ಬಂದ. ಹಿಂದ ಕ್ಯಾರಿಯರ್‌ಗೆ ಕಟ್ಟಿದ್ದು ಅದ ಜಾಳಿಗಿ, ಅದ ತೆಗ್ಗು, ಅದ ಕುಂಕುಮ. ನನ್ನ ನೋಡಿ ಬ್ರೇಕ್ ಹಾಕಿ ನಿಂತ. ಮೂರನೆಯಾಂವ ಮಾರಿ ಸಣ್ಣದು ಮಾಡಲಿಲ್ಲ. ನನ್ನ ಮ್ಯಾಲೇ ಬೇಜಾರ ಮಾಡಿಕೊಂಡ: "ನೀವು ಭಾಳ ಲಗೂ ನಡೀತೀರಿ ಸರ. ಹಿಂಗ ನಡದ್ರ ಬಡವರು ಕಾಯಿದಿ ಹೆಂಗ ಪಾಲಸಬೇಕ್ರಿ?"

೩. ಮಾಳಿಗಿ ಮ್ಯಾಲಿನ ಸರಕಾರ

ಈ ಪಾಠ ಕಲತು, ಬ್ಯಾಡಗಿಗೆ ಹೇಳದ ಕೇಳದ ಹೋದೆ. ಪಟ್ಟಾ ಬರೀ ಮೈಲೆ ಓಡಾಕತ್ತಿತ್ತು, ಪೈಲ್ವಾನನ ಧೋತರ ಹಂಗ ಹಾರಾಕತ್ತಿತ್ತು. ನನಗ ಕೆಟ್ಟ ಸಿಟ್ಟು ಬಂತು.

"ಜಾಳಿಗಿ ಎಲ್ರಿ ಚಾಚಾ?"

"ಮಾಡಿಸೇನ್ರಿ! ಖರೇ ಮಾಡಿಸೇನಿ!" ಅಂತ ಕೈ ಹಿಡದು ಮಾಳಿಗಿ ಮ್ಯಾಲೆ ಕರಕೊಂಡು ಹೋದ್ರು. ಅಲ್ಲಿ ನಾಕು ಇಟ್ಟಂಗಿ ಮ್ಯಾಲೆ ನಮ್ಮ ಜಾಳಿಗಿ ಬೋರಲು ಬಿದ್ದಿತ್ತು. ಒಳಗ ಚಾಚಿ ಇಟ್ಟ ಸಂಡಗಿ ಬಿಸಲಿಗೆ ಆರಾಮ ಒಣಗಾಕತ್ತಿದ್ವು.

"ಏನ್ ಚಲೋ ಮಾಲು ಹೇಳೀರ್ರಿ ಸಾಹೇಬ್ರ," ಅಂದ್ರು ನಮ್ಮ ಹಿಂದನ ಹತ್ತಿ ಬಂದ ಚಾಚಿ. "ಒಂದು ಕಾಗೀನೂ ಬಾಯಿ ಹಾಕೂದಿಲ್ಲ."

"ಚಾಚಿ, ಅದು ಪೈಲ್ವಾನನ ಕೈ ಉಳಸಾಕ ಹೇಳಿದ್ದು!"

"ಉಳದಾವಲ್ರಿ! ಮೊದಲ ಕಾಗಿ ಓಡಿಸಿ ಓಡಿಸಿ ಅವನ ಕೈ ಬಿದ್ದು ಹೋಗತಿದ್ವು."

೪. ಬಿಗಿ ಅರಿವಿ

ಸಂಡಗಿ ತಗಸಿ, ಜಾಳಿಗಿ ಇಳಿಸಿ, ನನ್ನ ಎದುರಿಗೇ ಬೋಲ್ಟ್ ಹಾಕಿಸಿದೆ. ಆದ್ರ ಪೈಲ್ವಾನ ಇನ್ನೂ ಪಾರಾಗಿದ್ದಿಲ್ಲ. ಪಟ್ಟಾ ಜಾರಿದ್ರ ಮಷೀನು ಓಡೂಮುಂದನ ಅದನ್ನ ಮತ್ತ ಗಾಲಿ ಮ್ಯಾಲೆ ಕೂಡಸೋ ಕೆಲಸ ಅವಂದು. ಅಂಥಾ ಕೆಲಸಕ್ಕ ಮೈಗೆ ಬಿಗಿಯಾದ ಅರಿವೀನ ಹಾಕಿರಬೇಕು, ಅದನ್ನ ಮಾಲೀಕರ ಕೊಡಬೇಕು ಅಂತ ಕಾಯಿದಿ.

"ಮುಂದಿನ ಸಲ ಧೋತರದಾಗ ಕಂಡ್ರ, ಇವನ್ನ ಗಿರಣಿ ಹತ್ರ ಬಿಡಬಾರದು ಅಂತ ಬರದ ಬಿಡತೇನಿ," ಅಂದೆ.

ಪೈಲ್ವಾನನ ಮಾರಿ ಸಪ್ಪಗಾತು. "ಸಾಹೇಬ್ರ, ನನಗ ಬರೂದ ಎರಡು ಕೆಲಸ. ಒಂದು ಮಂದೀನ ಕೆಡವೂದು, ಇನ್ನೊಂದು ಈ ಗಿರಣಿ. ಮಂದೀನ ಕೆಡವೂ ವಯಸ್ಸು ಹೋತು."

"ಇವ ಹ್ವಾದ್ರ ಗಿರಣಿ ಬಾಗಲಾ ಹಾಕಿದಂಗ," ಅಂದ್ರು ಚಾಚಾ. "ಬಿಗಿ ಅರಿವಿ ತಾನ? ಹಾಕಸ್ತೇನ್ರಿ. ನಿಮ್ಮ ಕಾಯಿದೀನ ಮೂಗಿನ ಮ್ಯಾಲೆ ಬೆರಳಿಟ್ಟುಕೋಬೇಕು, ಅಂಥಾ ಬಿಗಿ."

ಮುಂದ ನಾ ಹೋದಾಗ ಗಿರಣಿ ಹೊರಗ ಹೆಣ್ಮಕ್ಕಳ ಗುಂಪು. ಖಾರದ ಡಬ್ಬಿ ಕಂಕಳಾಗ, ಸೆರಗು ಬಾಯಾಗ, ಒಳಗ ಕಾಲಿಡವಲ್ರು. ನಾ ಒಳಗ ಹೊಕ್ಕೆ. ಜಾಳಿಗಿ ಅದರ ಜಾಗಾದಾಗ ಐತಿ. ಅದರ ಬಾಜೂಕ ಪೈಲ್ವಾನ, ಮೈಗೆಲ್ಲಾ ಎಣ್ಣಿ ತಿಕ್ಕಿಕೊಂಡು, ಬರೇ ಒಂದು ಕೆಂಪು ಲಂಗೋಟಿ ಮ್ಯಾಲೆ ನಿಂತಾನ!

"ನೋಡ್ರಿ ಸಾಹೇಬ್ರ!" ಚಾಚಾ ಎದಿ ಉಬ್ಬಿಸಿದ್ರು. "ಇದಕ್ಕಿಂತ ಬಿಗಿ ಅರಿವಿ ಬ್ಯಾಡಗ್ಯಾಗ ಸಿಗೂದಿಲ್ಲ. ಚುಂಗಿಲ್ಲ, ತೋಳಿಲ್ಲ. ಪಟ್ಟಾ ಎಳೀತೇನಿ ಅಂದ್ರೂ ಏನ ಎಳೀತೈತಿ?"

ಕಾಯಿದಿಯೆಲ್ಲಾ ಮನಸಿನಾಗ ತಿರುವಿ ನೋಡಿದೆ. ಖರೇ ಹೇಳತೇನಿ, ಲಂಗೋಟಿ ಬ್ಯಾಡ ಅಂತ ಎಲ್ಲೂ ಇದ್ದಿಲ್ಲ. ನಾ ಬಾಯಿ ತಗಿಯೂದ್ರಾಗ ಪೈಲ್ವಾನ ಹುರುಪಿನಿಂದ ಒಂದು ಬುಟ್ಟಿ ಮೆಣಸಿನಕಾಯಿ ಗಿರಣಿಗೆ ಸುರವಿಬಿಟ್ಟ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮಿ ಅಂತಾರ. ಅದು ನಾಲಿಗಿ ಲೆಕ್ಕದ ಮಾತು. ಭುಸ್ ಅಂತ ಎದ್ದ ಖಾರದ ಧೂಳು ಎಣ್ಣಿ ಮೈಗೆ ಗಪ್ಪನ ಹತ್ತಿತು. ಪೈಲ್ವಾನ ಒಂದು ಗಳಿಗಿ ತಡಕೊಂಡ. ಆಮ್ಯಾಲೆ "ಯವ್ವಾ ಸತ್ನೋ!" ಅಂತ ಚೀರಿ, ಹೆಣ್ಮಕ್ಕಳ ಗುಂಪು ಸೀಳಿಕೊಂಡು ಓಡಿ ಹೊರಗಿನ ದನದ ನೀರಿನ ಹೌದಿನಾಗ ಧುಮುಕಿದ. ಡಬ್ಬಿ ಒಂದ ಕಡೆ, ಹೆಣ್ಮಕ್ಕಳು ಒಂದ ಕಡೆ! ಚಾಚಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಒಂದು ಗಡಿಗಿ ಮಜ್ಜಿಗಿ ತಂದು, ಅಂದಾಜಿನ ಮ್ಯಾಲೆ ಹೌದಿನ ಕಡೆ ಚೆಲ್ಲಿದ್ರು. ಅರ್ಧ ಪೈಲ್ವಾನಗ ಮುಟ್ಟಿತು, ಅರ್ಧ ನನಗ.

ಹೌದಿನಾಗಿಂದ ಕೆಂಪನ್ನ ತಲಿ ಮ್ಯಾಲೆ ಬಂತು. "ಸಾಹೇಬ್ರ, ಈ ಕಾಯಿದಿ ಬರದ ಪುಣ್ಯಾತ್ಮ ಎಂದಾದ್ರೂ ಖಾರ ಕುಟ್ಟಿಸ್ಯಾನೇನ್ರಿ?"

ನಾನು ಮಜ್ಜಿಗಿ ಒರಸಿಕೋಂತ ಹೊಟ್ಟಿ ಹಿಡಕೊಂಡು ನಕ್ಕೆ.

ಆ ಮ್ಯಾಲೆ ಚಾಚಿ ಯಾರ ಮಾತೂ ಕೇಳಲಿಲ್ಲ. ಚಾಚಾನ ಕಡಿಂದ ದಾರದಾಗ ಪೈಲ್ವಾನನ ಅಳತಿ ತಗಸಿದ್ರು, ಖಾಕಿ ಅರಿವಿ ತರಸಿದ್ರು, ತಮ್ಮ ಕೈ ಹೊಲಿಗಿ ಮಷೀನು ಮುಂದಿಟ್ಟುಕೊಂಡು ಕುಂತ್ರು. ಸಂಜೀಕ ಪೈಲ್ವಾನ ಮೈಗಂಟಿದ ಪ್ಯಾಂಟು, ಅಂಗಿ ಹಾಕ್ಕೊಂಡು ಮದುಮಗನಂಗ ನಾಚಕೋಂತ ಗಿರಣಿ ಚಾಲೂ ಮಾಡಿದ. ಎರಡೂ ಕೈ ಸುರಕ್ಷಿತ, ಕೆಲಸಾನೂ ಸುರಕ್ಷಿತ. ನನ್ನ ಜೀವಕ್ಕ ಅವತ್ತ ಭಾಳ ಸಮಾಧಾನ ಆತು.

"ಚಾಚಿ, ದೊಡ್ಡ ಉಪಕಾರ ಆತ್ರಿ. ಇದನ್ನ ಸರಕಾರಕ್ಕ ಬರದು ಕಳಸ್ತೇನಿ," ಅಂದೆ.

ಇನ್ನೊಂದು ಜೋಡಿ ಹೊಲ್ಯಾಕತ್ತಿದ್ದ ಚಾಚಿ ಮಷೀನಿನ ಹಿಡಿಕಿ ತಿರುವೂದು ನಿಲ್ಲಿಸಿ ನನ್ನ ಕಡೆ ನೋಡಿದ್ರು.

"ಬ್ಯಾಡ್ರಿ ಸಾಹೇಬ್ರ. ಇದು ಮನಷ್ಯಾರ ಬಲ. ನಿಮ್ಮ ಲೆಕ್ಕಕ್ಕ ಹಿಡಿಯೂದಿಲ್ಲ."