ಜಾಗಾ ಸಾಲದ ಮಿಷನ್ನು, ಐದೂರಿನ ವರಗಳು

ಮದುವಿ ಕೂಡಸೋ ಆಫೀಸಿನ್ಯಾಗ ನಗೋ ಸಂಗತಿಗೆ ಐತವಾರದ ಸೂಟಿ ಸೈತ ಇರಂಗಿಲ್ಲ. ವಾಡಿ ಸ್ಟೇಷನ್ ಹಿಂದಿರೋ ವಧು-ವರ ಕೇಂದ್ರದಾಗ ಚಹಾ ಮಾಡಿ, ಕಸಾ ಹೊಡದು ನನಗ ಹನ್ನೆರಡು ವರ್ಷ ಆದವು. ಓದಿದ್ದು ಎರಡನೇ ಇಯತ್ತೆ. ಆದ್ರ ಯಾರ ಮನ್ಯಾಗ ಯಾರು ಯಾಕ ಮಾತಾಡಂಗಿಲ್ಲ ಅನ್ನೋದು ಕೇಳ್ರಿ, ಚಹಾ ಕುದಿಯೋದ್ರಾಗ ಹೇಳ್ತೀನಿ.

ನಮ್ಮ ಮಾಲಕರಿಗೆ ಐದು ಆಫೀಸು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಮತ್ತ ವಾಡಿದು ಹೆಡ್ಡಾಫೀಸು. ಸೇಡಂದಾಗ ಒಂದು ಪಾರ್ಟಿ, ನಮ್ಮವರು ರಿಜಿಸ್ಟರ್ ಹುಡುಕೋದ್ರಾಗ ಎರಡು ಸಲ ಚಹಾ ಕುಡದು, ಮೂರನೇ ಸಲ ಕೇಳಿ, ಎದ್ದು ಹೋಯ್ತು. ಮಾಲಕರಿಗೆ ಸಿಟ್ಟು ಬಂತು. ಗುಂಡಿ ಒತ್ತಿದ್ರ ವರ ಬಂದು ನಿಲ್ಲಬೇಕು ಅಂತ ಕಲಬುರಗಿ ಕಂಪನಿಯಿಂದ ಒಬ್ಬಾಕಿ ಇಂಜಿನಿಯರ್ ಬಾಯಿನ ಕರಿಸಿದ್ರು. ಮೇಡಂ ಅನ್ನೋದಕ್ಕ ನಮ್ಮ ಕಡೆ ಬಾಯಿ ಅಂತೀವಿ.

ಆಕಿ ನನಗ ತಿಳಿಯೋ ಹಂಗ ಹೇಳಿದಳು. ಸಾದಾ ಕಂಪ್ಯೂಟರು ಕೇಳಿದಾಗೊಮ್ಮೆ ಟ್ರಂಕು ತಗದು ಹುಡುಕ್ತದಂತ. ಇದು ಹಂಗಲ್ಲ, ಎಲ್ಲಾನೂ ತಲಿಯಾಗೇ ಇಟ್ಕೊಂಡು ಕುಂದರ್ತದ. ಐದೂರಿಗೆ ಐದು ಮಿಷನ್ನು, ಐದೂ ಕೂಡಿ ಒಂದೇ ತಲಿ. ಆ ತಲಿಯೊಳಗಿನ ಜಾಗಾಕ್ಕ ಮೆಮರಿ ಅಂತಾರ.

ಈ ಕೆಲಸ ಸುಸೂತ್ರ ಆದ್ರ ಆಕಿ ನೌಕರಿ ಪಕ್ಕಾ. ಕೆಟ್ರ ಮನಿಗೆ. ಮನ್ಯಾಗ ಅಪ್ಪ ಆಕಿ ಬಯೋಡಾಟಾ ಬರಸಿ, ಕುಂಕುಮ ಹಚ್ಚಿ ಇಟ್ಕೊಂಡು ಕುಂತಾನ. ಇಡೀ ವಧು-ವರ ಕೇಂದ್ರದಾಗ ಮದುವಿಗೆ ಅಂಜೋದು ಆಕಿ ಒಬ್ಬಾಕಿನೇ.

೧. ಎರಡು ತಲಿ ಲೆಕ್ಕ

ಮೊದಲನೇ ದಿನಾನೇ ಜಗಳ ಸುರು ಆಯ್ತು. ಬಾಯಿ ಅಂದಳು, "ಸರ್, ಒಂದೊಂದು ಬಯೋಡಾಟಾ ಎರಡು ಊರಿನ ಮಿಷನ್ನಿನ್ಯಾಗ ಇರಬೇಕು. ಅಂದ್ರ ಮೆಮರಿ ಎರಡು ಪಟ್ಟು. ಒಂದು ಮಿಷನ್ನು ಬಿದ್ರ ಉಳಿದವು ಅದರ ಭಾರ ಹೊರಬೇಕು, ಅದಕ್ಕ ಇನ್ನಷ್ಟು."

ಮಾಲಕರು ಅಂದ್ರು, "ವರ ಇರೋದು ಒಬ್ಬ. ಎರಡು ಕಡೆ ಯಾಕ ಇಡ್ತಿ? ಎರಡೂ ಕಡೆ ಮದುವಿ ಮಾಡ್ಕೊಂಡಾನು!"

ನಾ ಚಹಾ ಕೊಡ್ಲಿಕ್ಕೆ ಹೋದಾಕಿ ಬಾಯಿ ಹಾಕಿದೆ. "ಮಾಲಕರ, ಶಹಾಬಾದದ ಗುತ್ತೇದಾರನ ಎರಡನೇ ಸಂಸಾರದ ಸುದ್ದಿ ನನಗ ಒಬ್ಬಾಕಿಗೇ ಗೊತ್ತಿತ್ತು ಅನ್ರಿ. ನಾ ಸತ್ತ ದಿನ ಅವ ದೊಡ್ಡ ಶರಣ ಆಗಿಬಿಡ್ತಾನ. ಅದಕ್ಕ ಸೇಡಂದಾಗಿರೋ ನನ್ನ ತಂಗಿಗೂ ಹೇಳಿ ಇಟ್ಟೀನಿ."

ಬಾಯಿ ಎದ್ದು ನಿಂತಳು. "ಇದೇ ಸರ್! ನಾ ಹೇಳಾಕತ್ತಿದ್ದು ಇದೇ!"

ಮಾಲಕರಿಗೆ ಮೆಮರಿ ಫಿಕರ್ ಹೋಗಿ ಬ್ಯಾರೆ ಫಿಕರ್ ಹತ್ತಿತು. "ತಂಗಿ ಬಿಟ್ಟು ಮತ್ಯಾರಿಗಾರ ಹೇಳೀಯೇನು?"

"ಮೂರು ಮಂದಿಗೆ," ಅಂದೆ. "ಅವರ ತಲಿ ಖಾಲಿನೇ ಇದ್ದವು."

೨. ಟ್ರಾಕ್ಟರ್ ವರ

ಕಡೀಕ ಮಾಲಕರು ಬಾಯಿ ಕೇಳಿದ್ದರ ಅರ್ಧ ಮೆಮರಿ ಕೊಡಿಸಿದ್ರು. ಅದ್ರಾಗೂ ಹೆಂಗೋ ನಡೀತಿತ್ತಂತ, ಒಂದು ಬಯೋಡಾಟಾ ಅಂದ್ರ ಒಂದು ಹಾಳಿ, ಒಂದು ಫೋಟೋ ಇದ್ದಿದ್ರ. ಕಲಬುರಗ್ಯಾಗ ಕಲ್ತಾಕಿ, ಹಂಗ ಲೆಕ್ಕಾ ಹಾಕಿದ್ದಳು. ನಮ್ಮ ಕಡೆ ಬಯೋಡಾಟಾ ಹೆಂಗಿರ್ತದ ಆಕಿಗೇನು ಗೊತ್ತು? ಹುಡುಗನ ಅಜ್ಜಿ ತವರುಮನಿ, ಆ ತವರುಮನಿಯವರು ಯಾರ ಬೀಗರು, ಮನಿ ಫೋಟೋ, ಹೊಲದ ಫೋಟೋ, ಎಮ್ಮಿ ಫೋಟೋ. ಒಂದು ಬಿಟ್ರೂ, "ಏನೋ ಮುಚ್ಚಿ ಇಟ್ಟಾರ" ಅಂತ ಮಂದಿ ಮಾತಾಡ್ತಾರ. ಆ ಮಂದ್ಯಾಗ ನಾನೂ ಒಬ್ಬಾಕಿ.

ಎಂಟು ದಿನದಾಗ ಚಿಂಚೋಳಿ ಮಿಷನ್ನು ತುಂಬಿ ತುಳುಕಾಕತ್ತಿತು. ಬಾಯಿ ತಪಾಸ ಮಾಡಿದಳು. ಕೊಡ್ಲಿ ಅನ್ನೋ ಊರಿನ ಒಬ್ಬನೇ ವರ ಹನ್ನೊಂದು ಕನ್ಯಾದ ಜಾಗಾ ನುಂಗಿ ಕುಂತಿದ್ದ. ಟ್ರಾಕ್ಟರ್ ಬಾಜೂಕ ನಿಂತಿದ್ದು, ಟ್ರಾಕ್ಟರ್ ಮ್ಯಾಗ ಕುಂತಿದ್ದು, ಟ್ರಾಕ್ಟರ್ ತೊಳಿಯೋದು, ತೊಳದ ಟ್ರಾಕ್ಟರು, ಅದರ ಗಾಲಿಗೆ ಹೂವಿನ ಹಾರ. ಎಲ್ಲಾ ದೊಡ್ಡ ದೊಡ್ಡ ಫೋಟೋ.

ಬಾಯಿ ಅವನಿಗೇ ಫೋನ್ ಹಚ್ಚಿ ಸಮಾಧಾನದಿಂದ ಕೇಳಿದಳು. "ಜಾಗಾ ಸಾಲವಲ್ದುರಿ. ಒಂದಷ್ಟು ಫೋಟೋ ತಗೀಲೇನ್ರಿ?"

ವರ ಭಾಳ ಉದಾರ ಮನುಷ್ಯ. "ನಾ ಇದ್ದವು ಎಷ್ಟು ಬೇಕಾದ್ರೂ ತಗೀರಿ ಮೇಡಂ," ಅಂದ. "ಟ್ರಾಕ್ಟರಿಂದು ಒಂದೂ ತಗೀಬ್ಯಾಡ್ರಿ."

೩. ಶಹಾಬಾದ ಬಿತ್ತು

ಬ್ಯಾಸಗಿ ಮಧ್ಯಾಹ್ನ. ಶಹಾಬಾದದ ಬಿಸಲು ನಿಮಗ ಗೊತ್ತೇ ಅದ, ಕೆಳಗ ಹಾಸಗಲ್ಲು, ಮ್ಯಾಗ ಸೂರ್ಯ. ಅಲ್ಲಿ ಆಫೀಸಿನ ಗುಮಾಸ್ತ ಒಂದು ವೈರು ಕಿತ್ತಿ ಕೂಲರ್ ಹಚ್ಚಿದ. ಕಿತ್ತಿದ್ದು ಮಿಷನ್ನಿನ ವೈರು. ಬಾಯಿ ಫೋನಿನ್ಯಾಗ ಬೈದ್ರ, "ನಾ ಏನೂ ಆರಿಸಿಲ್ಲರಿ, ಕೂಲರ್ ಹಚ್ಚೀನಿ ಅಷ್ಟೇ," ಅಂದ.

ಶಹಾಬಾದದ ಭಾರ ಚಿತ್ತಾಪುರದ ಮ್ಯಾಗ ಬಿತ್ತು. ಚಿತ್ತಾಪುರದಾಗ ಜಾಗಾ ಎಲ್ಲದ? ಅದೂ ಮಲಗಿತು. ಎರಡರ ಭಾರ ಉಳಿದ ಮೂರರ ಮ್ಯಾಗ ಬಂತು. ಬಾಯಿ ತಲಿ ಹಿಡ್ಕೊಂಡು ಕುಂತಳು. ನನಗೇನು ಹೊಸದು ಅನಸಲಿಲ್ಲ. ನನ್ನ ಮೈದುನನ ಮಾಳಿಗಿ ಬಿದ್ದಾಗ ಅವ ಸಂಸಾರ ಕಟ್ಕೊಂಡು ನಮ್ಮನಿಗೆ ಬಂದ. ತಿಂಗಳೊಳಗ ನಾವು ನನ್ನ ತವರಿಗೆ ಹೋದ್ವಿ. ಮುಂದ ನನ್ನ ತವರಿನವರು ಬೀಗರ ಮನಿಗೆ ಹೋದ್ರು. ಎಲ್ಲರ ಮನ್ಯಾಗ ಒಂದೊಂದು ಖೋಲಿ ಹೆಚ್ಚಿಗಿ ಇದ್ದಿದ್ರ ಇಷ್ಟು ಮಂದಿ ಊರು ಬಿಡ್ತಿದ್ದಿಲ್ಲ.

ಅದೇ ಹೊತ್ತಿಗೆ ನಾಲವಾರದಿಂದ ಪ್ಯಾಸೆಂಜರ್ ಗಾಡಿಗೆ ಬಂದ ಕನ್ಯಾದ ತಾಯಿ ನಮ್ಮ ವಾಡಿ ಆಫೀಸಿನ್ಯಾಗ ಕುಂತಿದ್ದಳು. ಪರದೆ ಮ್ಯಾಗ ಒಬ್ಬ ವರನ ಮಾರಿ ಮ್ಯಾಲಿಂದ ಕೆಳಗ ಇಳಿಯಾಕತ್ತಿತ್ತು. ಹಣಿ ಬಂತು, ಕಣ್ಣು ಬಂದವು, ಮೀಸಿ ಬಂತು. ಅಲ್ಲೇ ನಿಂತಿತು. ಮಾಲಕರು ಬೆವತು, "ಒಂದು ಮಿನಿಟು ತಾಳ್ರಿ ತಾಯಿ. ಇನ್ನ ಬಾಯಿ, ಗದ್ದ ಬರೋದು ಅದ," ಅಂದ್ರು.

ಆ ತಾಯಿ ಪರದೆ ನೋಡಿ, ಹೊರಗ ಬೀಡಿ ಸೇದಾಕತ್ತಿದ್ದ ತನ್ನ ಗಂಡನ್ನ ನೋಡಿ, ಅಂದಳು, "ಇಷ್ಟಕ್ಕೇ ನಿಲ್ಲಸ್ರಿ. ಬಾಯಿ ಇಲ್ಲದ ಅಳಿಯ ಸಿಗೋದೇ ಕಠಿಣ."

೪. ಶುಕ್ರವಾರ

ಬಾಯಿ ಐದನ್ನೂ ಮತ್ತ ಎಬ್ಬಿಸಿದ ಮ್ಯಾಲೆ ಮಾಲಕರು ಗಡುವು ಕೊಟ್ರು. "ಶುಕ್ರವಾರ ಐದೂ ಆಫೀಸಿನವರನ್ನ ಕರೀತೀನಿ. ಎಲ್ಲರ ಮುಂದ ಮಿಷನ್ನು ನಡೀಬೇಕು. ಕೈ ಕೊಟ್ರ ನನಗ ರಿಜಿಸ್ಟರೇ ಚೊಲೋ, ನೀ ಗಂಟು ಕಟ್ಟು."

"ಮೆಮರಿ ಕೊಡಸ್ರಿ ಸರ್."

"ಒಂದು ತುಣುಕೂ ಕೊಡಸಂಗಿಲ್ಲ."

ಆ ದಿನ ಆಕಿ ಅಪ್ಪನ ಫೋನು ಮೂರು ಸಲ ಬಂತು. ಆಳಂದದ ಕಡೆ ಒಂದು ವರ ಅದ, ಶನಿವಾರ ನೋಡಲಿಕ್ಕೆ ಬರ್ತಾರ ಅಂತ. ಬಾಯಿ ನನ್ನ ಒಲಿ ಬಾಜೂಕ ಕುಂತು ಒಂದು ಉಪಾಯ ಮಾಡಿದಳು. ಜಾಗಾ ತುಂಬಿದ ಕೂಡ್ಲೆ, ಯಾರೂ ಕೇಳದ ಬಯೋಡಾಟಾನ ಮಿಷನ್ನು ತಾನೇ ತಲಿಯಿಂದ ತಗದು ಹಾಕ್ತದ. ದಿನಾ ನೋಡೋವು ಉಳೀತಾವ. ಹೊರಗ ಹೋದದ್ದು ಟ್ರಂಕಿನ್ಯಾಗ ಇರ್ತದ, ಕೇಳಿದ್ರ ತಡಾ ಆಗಿ ಬರ್ತದ.

ಶುಕ್ರವಾರ ಎಲ್ಲರೂ ಕೂಡಿದ್ರು. ಮಾಲಕರು ಸೇಡಂದ ಒಂದು ಕನ್ಯಾ ಕೇಳಿದ್ರು, ಬರಲಿಲ್ಲ. ಚಿಂಚೋಳಿದು ಕೇಳಿದ್ರು, ಪರದೆ ಮ್ಯಾಗ ಬರೇ ಚಕ್ರ ತಿರುಗಿಕೋತ ಕುಂತಿತು.

"ನನ್ನ ಕನ್ಯಾಗಳು ಎಲ್ಲಿ ಹೋದ್ವು? ಅದರ ತಲಿಯಾಗ ಏನು ಉಳಿದದ ತೋರಸು!"

ಬಾಯಿ ಮಾರಿ ಬಿಳೀಚಿಕೊಂಡಿತ್ತು. "ಭಾಳ ಸಲ ನೋಡಿದವು ಅಷ್ಟೇ ಅವ ಸರ್. ನಿಮ್ಮ ಖೋಲ್ಯಾಗ ತೋರಸಲೇನ್ರಿ?"

"ಇಲ್ಲೇ ತೋರಸು. ದೊಡ್ಡ ಪರದೆ ಮ್ಯಾಗ. ಎಲ್ಲರೂ ನೋಡಲಿ!"

ಎಲ್ಲರೂ ನೋಡಿದ್ವಿ. ಮೊದಲನೇ ನಂಬರಿಗೆ ಚಿತ್ತಾಪುರದ ಒಬ್ಬಾಕಿ ಸಾಲಿ ಟೀಚರು. ವಿಧವೆ, ಐವತ್ತರ ಹತ್ತಿರ, ಬಿಳಿ ಸೀರಿಗೆ ಹಸರು ಅಂಚು. ಬಾಜೂಕ ಬರದಿತ್ತು, ದಿನಾ ಮುಂಜಾನೆ ಹತ್ತಕ್ಕ ನೋಡಿದ್ದು, ವಾಡಿ ಹೆಡ್ಡಾಫೀಸು, ಮಾಲಕರ ಟೇಬಲ್ಲು.

ನಮ್ಮ ಮಾಲಕರ ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಅಂದಿನಿಂದ "ಮದುವಿ ನನಗ ಬರೇ ಧಂದೆ" ಅಂತ ಯಾರೂ ಕೇಳದಿದ್ರೂ ಹೇಳಿಕೋತ ಬಂದಾರ. ನಾ ಕಸಬರಗಿ ಗ್ವಾಡಿಗೆ ಆನಿಸಿ ಚೊಲೋ ಜಾಗಾ ನೋಡಿ ನಿಂತೆ.

ಶಹಾಬಾದದ ಗುಮಾಸ್ತ ಪಾಪ, ಧಂದೆದ ಮಾತೇ ಕೇಳಿದ. "ಇವರಿಗೆ ಯಾವ ಪಾರ್ಟಿ ತೋರಸಾಕತ್ತೀರಿ ಸರ್?"

"ಪರದೆ ಆರಿಸು!" ಮಾಲಕರು ಚೀರಿದ್ರು. "ಮಿಷನ್ನೂ ಒಯ್ಯಿ! ಇವತ್ತೇ ಒಯ್ಯಿ!"

ಬಾಯಿ ವೈರಿಗೆ ಕೈ ಹಾಕಿದಳು. ಕಣ್ಣಾಗ ನೀರು. ಆದ್ರ ಕೆಲಸದಾಕಿ, ಅರ್ಧಕ್ಕ ಬಿಟ್ಟು ಗೊತ್ತಿಲ್ಲ. "ಎರಡನೇ ನಂಬರು ಹೇಳಿಬಿಡ್ತೀನಿ ಸರ್. ಅದು ನಿಮ್ಮದೇ ಬಯೋಡಾಟಾ. ಪರೀಕ್ಷಾ ಮಾಡ್ಲಿಕ್ಕೆ ಅಂತ ಮೊದಲ ನಿಮ್ಮದು ತುಂಬಿದ್ದೆ, ತಗೀಲಿಕ್ಕೆ ಮರತೆ. ಅದನ್ನೂ ಯಾರೋ ದಿನಾ ನೋಡಾಕತ್ತಾರ."

"ಯಾರು?"

"ಚಿತ್ತಾಪುರ ಆಫೀಸಿನ ಮಿಷನ್ನಿಂದ. ದಿನಾ ಸಂಜಿ ಐದಕ್ಕ."

ಚಿತ್ತಾಪುರದ ಗುಮಾಸ್ತ ಹೌದೌದು ಅಂತ ಗೋಣು ಹಾಕಿದ. "ಸಾಲಿ ಬಿಟ್ಟ ಮ್ಯಾಲೆ ಇದೇ ಟೀಚರ್ ಬಾಯಾರು ಬರ್ತಾರಿ. ತಂಗಿ ಮಗಳಿಗೆ ವರ ನೋಡ್ತಾರ ಅಂತ ನಾ ಕುರ್ಚಿ ಬಿಟ್ಟು ಕೊಡ್ತಿದ್ದೆ."

ಮಾಲಕರು ಕರವಸ್ತ್ರ ತಗದು ಮಾರಿ ಒರಸಿಕೊಂಡ್ರು, ಕೂದಲ ಮ್ಯಾಗ ಕೈಯಾಡಿಸಿಕೊಂಡ್ರು. ಆಮ್ಯಾಲ ತಾವೇ ಕುರ್ಚಿ ಎಳದು ಹಾಕಿದ್ರು.

"ಆ ವೈರು ಬಿಡವ್ವ, ಕುಂದ್ರು. ಮೆಮರಿ ಎಷ್ಟು ಬೇಕಂದಿ? ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬರಕೋ. ಮೊದಲ ಚಿತ್ತಾಪುರಕ್ಕ ಹಾಕು. ಸಂಜಿ ಐದರೊಳಗ ಆಗ್ತದೇನು?"